ಹಲ್ಲಿಲ್ಲದ ಕೂಸಿನ ಎಡೆ

ಪ್ರತಿ ಮಣ್ಣೆತ್ತಿನ ಅಮಾವಾಸ್ಯೆಗೂ ಕೂಸಿಗೆ ಹಸಿಮಣ್ಣಿನ ಎಡೆ ಇಟ್ಟು, ಮರುದಿನ ಹೊತ್ತು ಮುಳುಗುವುದರೊಳಗೆ ನೀರಲ್ಲಿ ಕರಗಿಸುತ್ತೇನೆಂದು ನೀಲಗಂಗಾ ಒಂಬತ್ತರ ಹುಡುಗಿಯಾಗಿದ್ದಾಗ ಅಜ್ಜಿ ಮಲ್ಲಮ್ಮನ ಕೈಮುಟ್ಟಿ ಮಾತು ಕೊಟ್ಟಿದ್ದಳು.

"ಸುಡಬ್ಯಾಡವಾ," ಎಂದಿದ್ದಳು ಅಜ್ಜಿ. "ಕೂಸಿಗೆ ಹಲ್ಲಿಲ್ಲ. ಉಣ್ಣಾಕ ಆಗಲಿಲ್ಲಂದ್ರ ಮನ್ಯಾಗಿನ ಮಕ್ಕಳ ತಾಟಿಗೆ ಬಾಯಿ ಹಾಕ್ತದ."

ಕೂಸೆಂದರೆ ಆ ಮನೆತನದಲ್ಲಿ ಎಂದೋ, ಹೆಸರಿಡುವ ಮೊದಲೇ ತೀರಿಕೊಂಡ ಮಗು. ಯಾರ ಹೊಟ್ಟೆಯದೆಂದು ಮಲ್ಲಮ್ಮನಿಗೂ ಗೊತ್ತಿರಲಿಲ್ಲ. ಉಗುರಿನಷ್ಟು ಹೋಳಿಗೆ, ಗುಲಗಂಜಿಯಷ್ಟು ಕಡುಬು, ನಾಲ್ಕು ರೊಟ್ಟಿ. ಎಲ್ಲವೂ ಮಣ್ಣಿನವು. ಅದರ ಊಟ ಅಷ್ಟೇ.

ಅಮೆರಿಕದ ನೋವೈ ಊರಿಗೆ ಬಂದ ಮೇಲೂ ನೀಲಗಂಗಾ ಒಂದು ವರ್ಷವೂ ತಪ್ಪಿಸಿರಲಿಲ್ಲ. ಈ ಸಲ ವಾರ ಮೊದಲೇ ಮಾಡಿ ಗರಾಜಿನಲ್ಲಿ ಒಣಗಲು ಇಟ್ಟಳು. ಅಮಾವಾಸ್ಯೆಯ ದಿನ ಮಗಳು ಸಿಯಾ ತಾನೇ ತಟ್ಟೆಯನ್ನು ದೇವರ ಕಪಾಟಿನಲ್ಲಿಟ್ಟು ದೀಪ ಹಚ್ಚಿದಳು. ಮೀಟಿಂಗಿನ ನಡುವೆ ಎದ್ದು ಬಂದು ಕೈಮುಗಿದ ನೀಲಗಂಗಾಗೆ ಎಡೆ ಕೆಂಪಗೆ ಕಂಡಿತು, ಕುಂಕುಮವೆಂದುಕೊಂಡಳು.

ಮರುದಿನ ಮಧ್ಯಾಹ್ನ ಕೈಗೆತ್ತಿಕೊಂಡಾಗ ಹೋಳಿಗೆ ಒದ್ದೆಯಾಗಿತ್ತು, ಅಂಟುಅಂಟಾಗಿ. ಹುಳಿತ ಹಾಲಿನ ವಾಸನೆ. ಬಕೆಟ್ಟಿಗೆ ಬಿಟ್ಟರೆ ಟಣ್ ಎಂದಿತು.

"ಸಿಯಾ, ಇದಕ್ಕೇನ್ ಮಾಡಿದಿ?"

"ಪಾಟರಿ ಕ್ಯಾಂಪಲ್ಲಿ ಬೇಕ್ ಮಾಡ್ಸಿದೆ. ನೌ ದೇ ವಿಲ್ ಲಾಸ್ಟ್ ಫಾರೆವರ್! ಇನ್ನು ಪ್ರತಿ ವರ್ಷ ಮಾಡೋದು ಬೇಡ, ಯು ಆರ್ ಆಲ್ವೇಸ್ ಟೈರ್ಡ್, ಮಾಮ್."

ನೀಲಗಂಗಾ ಗಂಡನಿಗೆ ಫೋನ್ ಹಚ್ಚಿ ಹೇಳಿದಳು. ಕಲ್ಲಿನಾಥ ನಕ್ಕ. "ಹೊಸಾದು ಮಾಡಿಡು ಮಾರಾಯ್ತಿ. ಕೂಸೇನು ಎಕ್ಸ್‌ಪೈರಿ ಡೇಟ್ ನೋಡ್ತದೇನು?"

"ಅಮಾಸಿ ಮುಗದೈತ್ರೀ," ಎಂದು ಫೋನಿಟ್ಟಳು.

ಬಕೆಟ್ಟನ್ನು ಹಿತ್ತಲಿಗೆ ಒಯ್ದು ಬಿಸಿನೀರು ಹೊಯ್ದಳು. ಕರಗಲಿಲ್ಲ. ಶುಂಠಿ ಜಜ್ಜುವ ಕಲ್ಲಿನಲ್ಲಿ ಒಂದೊಂದನ್ನೇ ಕುಟ್ಟಿದಳು. ಕೆಂಪು ಪುಡಿ ತಳಕ್ಕೆ ಇಳಿಯಿತು. ಎಷ್ಟು ಕಲಕಿದರೂ ಮೇಲಿನ ನೀರು ತಿಳಿಯಾಗೇ ನಿಂತಿತು. ಮಿಶಿಗನ್‌ನ ಬೇಸಿಗೆಯ ಹಗಲು ಉದ್ದ. ಒಂಬತ್ತರವರೆಗೂ ಕಲಕುತ್ತಲೇ ಇದ್ದಳು. ಪಕ್ಕದ ಮನೆಯ ಛಾವಣಿಯ ಹಿಂದೆ ಸೂರ್ಯ ಇಳಿದ.

ಒಳಗಿನಿಂದ ಸಿಯಾ ಕೂಗಿದಳು. "ಮಾಮ್, ನನ್ನ ರೊಟ್ಟಿ ಯಾರು ತಿಂದ್ರು?"

ಅಡುಗೆಮನೆಯಲ್ಲಿ ಸಿಯಾ ಒಬ್ಬಳೇ ಇದ್ದಳು. ಅವಳ ತಾಟಿನಲ್ಲಿದ್ದ ರೊಟ್ಟಿಯ ಅಂಚು ಒದ್ದೆಯಾಗಿ ಅರ್ಧಚಂದ್ರದಂತೆ ಸವೆದಿತ್ತು. ಎಲ್ಲಿಯೂ ಹಲ್ಲಿನ ಗುರುತಿರಲಿಲ್ಲ.

ನೀಲಗಂಗಾ ಅಜ್ಜಿಗೆ ಕೊಟ್ಟ ಮಾತು ಅಂದು ತಪ್ಪಿತು.