ಅಂಚಿಗೆ ಅಂಚು

ಆಸ್ಪತ್ರೆಯ ಅಡುಗೆಮನೆಯಲ್ಲಿ ಅವಳನ್ನು ಎಲ್ಲರೂ ಅನುಮಾನದಕ್ಕ ಎಂದೇ ಕರೆಯುತ್ತಿದ್ದರು. ಒಲೆ ಆರಿಸಿ ನಾಲ್ಕು ಹೆಜ್ಜೆ ಹೋದವಳು ಹಿಂತಿರುಗಿ ಬಂದು ಗುಂಡಿ ಮುಟ್ಟಿ ನೋಡುವಳು. ಫ್ರಿಜ್ಜಿನ ಬಾಗಿಲು ಹಾಕಿ, ಸರಿಯಾಗಿ ಕೂತಿತೋ ಇಲ್ಲವೋ ಎಂದು ಮತ್ತೆ ಎಳೆದು ನೋಡುವಳು. ಅವಳನ್ನು ಕೆಲಸಕ್ಕೆ ಸೇರಿಸಿದ್ದು ಗಂಡನ ತಂಗಿ. ಅಡುಗೆಮನೆಯ ಮೇಲ್ವಿಚಾರಣೆ ನಾದಿನಿಯದೇ. ಮೊದಲ ದಿನವೇ ನಾದಿನಿ ಹೇಳಿಬಿಟ್ಟಿದ್ದಳು: “ಅತ್ತಿಗೆ, ಮನೇಲಿ ನೀವು ಹೇಳಿದ್ದು ನಾನು ಕೇಳ್ತೀನಿ. ಇಲ್ಲಿ ನಾನು ಹೇಳಿದ್ದು ನೀವು ಕೇಳ್ಬೇಕು. ಇಲ್ಲಿ ಏನೇ ಕೆಟ್ಟಿರಲಿ, ಯಾರೂ ತಾವಾಗೇ ಸರಿಮಾಡೋಕೆ ಹೋಗಬಾರದು. ನನಗೆ ಬಂದು ಹೇಳಬೇಕು. ಅಷ್ಟೇ.”

ಅವಳ ಕೆಲಸ ಬಟ್ಟಲು ಮುಚ್ಚುವುದು. ಮೂರನೇ ಮಹಡಿಯಲ್ಲಿದ್ದವರು ಮೂವತ್ತೆಂಟು ಮಂದಿ, ಎಲ್ಲರೂ ನುಂಗಲು ಕಷ್ಟಪಡುವವರು. ಅವರ ಊಟವನ್ನು ಬೇಯಿಸಿ, ನುಣ್ಣಗೆ ರುಬ್ಬಿ, ಜರಡಿ ಹಿಡಿದು ಬಟ್ಟಲಿಗೆ ಹಾಕುತ್ತಿದ್ದರು. ಒಂದು ಅಗುಳೂ ಇಡಿಯಾಗಿ ಹೋಗುವಂತಿಲ್ಲ. ಬಟ್ಟಲು ತಣ್ಣಗಾಗುವ ಮೊದಲು ಅದರ ಬಾಯಿಗೆ ಗಾಜಿನಂಥ ತೆಳು ಪ್ಲಾಸ್ಟಿಕ್ ಹಾಳೆ ಬಿಗಿದು, ಹಾಸಿಗೆಯ ನಂಬರಿನ ಚೀಟಿ ಅಂಟಿಸಬೇಕು. ಆ ಹಾಳೆ ಉದ್ದನೆಯ ಪೆಟ್ಟಿಗೆಯೊಳಗೆ ಸುರುಳಿಯಾಗಿರುತ್ತದೆ. ಅಡುಗೆಮನೆಯಲ್ಲಿ ಅದಕ್ಕೆ ರೋಲು ಎಂದಷ್ಟೇ ಹೆಸರು. ಪೆಟ್ಟಿಗೆಯ ಅಂಚಿಗೆ ಗರಗಸದಂಥ ಉಕ್ಕಿನ ಹಲ್ಲು.

ರೋಲು ಒಂದು ಕೆಟ್ಟ ಜಾತಿ. ಎಳೆದರೆ ತನಗೆ ತಾನೇ ಅಂಟಿಕೊಳ್ಳುತ್ತದೆ, ಜಗ್ಗಿದರೆ ಹಗ್ಗವಾಗುತ್ತದೆ, ಬಿಟ್ಟರೆ ಸುರುಳಿಗೆ ಮರಳಿ ತುದಿಯೇ ಕಾಣದಂತಾಗುತ್ತದೆ. ಅವಳು ಬರುವ ಮೊದಲು ಒಬ್ಬೊಬ್ಬರು ಒಂದೊಂದು ರೀತಿ ಅದರೊಡನೆ ಗುದ್ದಾಡುತ್ತಿದ್ದರು. ಅವಳು ಒಂದೇ ವಾರದಲ್ಲಿ ಅದರ ಗುಟ್ಟು ಹಿಡಿದಳು. ರೋಲನ್ನು ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಅದರ ಅಂಟು ಅರ್ಧ ಇಳಿಯುತ್ತದೆ. ಹಾಳೆಯನ್ನು ಬಟ್ಟಲ ಆಚೆ ಅಂಚಿಗೆ ಮೊದಲು ಕೂರಿಸಿ, ಪೆಟ್ಟಿಗೆಯನ್ನು ಈಚೆಗೆ ತಂದು, ನಡುವಿಗೆ ಹೆಬ್ಬೆರಳು ಕೊಟ್ಟು ಮಣಿಕಟ್ಟನ್ನು ಒಳಕ್ಕೆ ತಿರುಗಿಸಬೇಕು. ಜಗ್ಗಬಾರದು. ಆಗ ಹಲ್ಲು ನಡುವಿನಿಂದ ಕಚ್ಚಿ ಎರಡೂ ಬದಿಗೆ ಓಡುತ್ತದೆ. ಚರ್ರ್ ಎಂಬ ಒಂದೇ ಸದ್ದು.

ಫ್ರಿಜ್ಜಿನಿಂದ ರೋಲು ತೆಗೆಯುವಾಗ ಪಾತ್ರೆ ತೊಳೆಯುವ ಪಾತ್ರೆಯಕ್ಕ ತಪ್ಪದೆ ಕೇಳುತ್ತಿದ್ದಳು: “ಏನಕ್ಕಾ, ಇವತ್ತೂ ರೋಲಿಗೆ ಸೆಕೇನಾ? ಬೀಸಣಿಗೆ ತರ್ಲಾ?”

ಅದೇ ಪಾತ್ರೆಯಕ್ಕ ಮೂರು ದಿನದ ಹಿಂದೆ ಪೆಟ್ಟಿಗೆಯನ್ನು ಬದಿಗೆ ಸರಿಸಲು ಹೋಗಿ ಹೆಬ್ಬೆರಳು ಕುಯ್ದುಕೊಂಡಿದ್ದಳು. ಗಾಯ ದೊಡ್ಡದೇನಲ್ಲ, ರಕ್ತ ಮಾತ್ರ ಚೆನ್ನಾಗಿ ಹರಿಯಿತು. ಅನುಮಾನದಕ್ಕನಿಗೆ ಆ ಹಲ್ಲು ಕಣ್ಣಿಗೆ ಕಟ್ಟಿತು. ಇವತ್ತು ಹೆಬ್ಬೆರಳು, ನಾಳೆ ಇನ್ನೇನೋ. ನಿನ್ನೆ ಕೆಲಸ ಮುಗಿಸಿ ಹೊರಡುವ ಮೊದಲು, ಪೆಟ್ಟಿಗೆ ಹಿಡಿಯುವಾಗ ಕೈ ತಾಗುವ ಬಲತುದಿಯ ಎರಡು ಬೆರಳಗಲ ಹಲ್ಲಿಗೆ ಟೇಪು ಅಂಟಿಸಿದಳು. ನಾದಿನಿಗೆ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾಳೆ ಎಂದು ಗೊತ್ತಿತ್ತು.

ಇವತ್ತು ಅವಳ ಮೂರು ತಿಂಗಳ ಪರೀಕ್ಷಾ ಅವಧಿಯ ಕೊನೆಯ ದಿನ. ಸಂಜೆ ನಾದಿನಿ ಒಂದು ವರದಿ ಬರೆದು ಆಫೀಸಿಗೆ ಕಳಿಸಿದರೆ ಕೆಲಸ ಖಾಯಂ. ಮನೆಯಲ್ಲಿ ಗಂಡ ಬೆಳಿಗ್ಗೆಯೇ ಕೀಟಲೆ ಮಾಡಿದ್ದ: “ಇನ್ನು ಮೇಲೆ ನಾನು ಹುಷಾರಾಗಿರ್ಬೇಕು, ಅತ್ತಿಗೆ ನಾದಿನಿ ಇಬ್ರೂ ಒಂದೇ ಪಕ್ಷ.”

ಹನ್ನೊಂದೂವರೆಗೆ ಮೂವತ್ತೆಂಟನೆಯ ಬಟ್ಟಲು ಮುಚ್ಚಿ ಆಯಿತು. ಊಟದ ಗಾಡಿ ತಳ್ಳುವ ಗಾಡಿಯಣ್ಣ ಬಟ್ಟಲುಗಳನ್ನು ಏರಿಸಿಕೊಂಡು ಲಿಫ್ಟಿನ ಕಡೆ ಹೊರಟ. ಅವಳು ಮೇಜು ಒರೆಸಿ, ಪೆಟ್ಟಿಗೆ ಎತ್ತಿಡುವ ಮುನ್ನ ಅಭ್ಯಾಸದಂತೆ ಹಲ್ಲಿನ ಮೇಲೆ ಕಣ್ಣಾಡಿಸಿದಳು.

ಟೇಪಿನ ಅಂಚಿನಲ್ಲಿ ಏನೋ ಹೊಳೆಯಿತು. ಹಾಳೆಯ ಒಂದು ಚೂರು, ಅರ್ಧ ಉಗುರಿನಷ್ಟು. ಅವಳು ರೋಲಿನ ತುದಿಯನ್ನು ಬೆಳಕಿಗೆ ಹಿಡಿದಳು. ಬಲತುದಿಯಲ್ಲಿ ಇಲಿ ಕಚ್ಚಿದಂಥ ಗುರುತು. ಚೂರನ್ನು ಅಲ್ಲಿಟ್ಟು ನೋಡಿದಳು. ಗುರುತಿನ ಅರ್ಧ ತುಂಬಿತು, ಇನ್ನರ್ಧ ಖಾಲಿ ಉಳಿಯಿತು.

ಹಲ್ಲು ಮುಚ್ಚಿದ ಕಡೆ ಹಾಳೆ ತುಂಡಾಗದೆ ಹಿಗ್ಗಿ, ಎಳೆಯಾಗಿ, ಚೂರಾಗಿ ಹರಿದಿತ್ತು. ಆ ಇನ್ನರ್ಧ ಮೇಜಿನ ಮೇಲಿರಲಿಲ್ಲ. ನೆಲದ ಮೇಲಿರಲಿಲ್ಲ. ಅವಳ ತೋಳಿನ ಮೇಲೂ ಇರಲಿಲ್ಲ.

ಬೇರೆಯವರಾದರೆ ಬಾಯಿಗೆ ಸಿಕ್ಕ ಕೂಡಲೇ ಎರಡು ಬೆರಳಲ್ಲಿ ತೆಗೆದು ಬಿಸಾಡಿಯಾರು. ಮೂರನೇ ಮಹಡಿಯವರ ನಾಲಿಗೆ ಅವರ ಮಾತನ್ನೇ ಕೇಳುವುದಿಲ್ಲ. ಗಂಟಲಿಗೆ ಅಂಟಿಕೊಂಡರೆ ಕೆಮ್ಮಿ ತೆಗೆಯುವ ಶಕ್ತಿಯೂ ಅವರಿಗಿಲ್ಲ. ಚೂರಿಗೆ ಬಣ್ಣವಿಲ್ಲ; ಉಣಿಸುವ ನರ್ಸಿನ ಕಣ್ಣಿಗೂ ಬೀಳದು.

ಟೇಪು ಕಿತ್ತು ಬುಟ್ಟಿಗೆ ಹಾಕಲು ಒಂದು ಕ್ಷಣ ಸಾಕಿತ್ತು. ಕೈ ಅಲ್ಲಿಯವರೆಗೆ ಹೋಯಿತು ಕೂಡ. ಆಮೇಲೆ ಪೆಟ್ಟಿಗೆಯನ್ನು ಹಾಗೆಯೇ ಕಂಕುಳಲ್ಲಿ ಇರುಕಿಕೊಂಡು ಓಡಿದಳು.

“ಗಾಡಿಯಣ್ಣಾ, ನಿಲ್ಸು!”

“ಏನಕ್ಕಾ, ಒಲೆ ಆರ್ಸಿದ್ನೋ ಇಲ್ವೋ ಅಂತ ನನ್ನನ್ನ ಕೇಳ್ತೀಯಾ?” ಗಾಡಿಯ ಮುಂದಿನ ಚಕ್ರ ಆಗಲೇ ಲಿಫ್ಟಿನೊಳಗಿತ್ತು. “ಇದು ಹೋದ್ರೆ ಇನ್ನು ಹತ್ತು ನಿಮಿಷ ಬರಲ್ಲ, ಗೊತ್ತಲ್ಲ?”

“ಹೋಗ್ಲಿ. ಗಾಡಿ ಹಿಂದಕ್ಕೆ ತಗೋ.”

“ಮೇಲಿನ ನರ್ಸಮ್ಮ ನನ್ನ ಚರ್ಮ ಸುಲೀತಾಳೆ.”

“ನನ್ನ ಹೆಸರು ಹೇಳು,” ಎಂದು ಅವಳು ಲಿಫ್ಟಿನ ಬಾಗಿಲಿಗೆ ಕಾಲು ಕೊಟ್ಟು ನಿಂತಳು.

ಗಲಾಟೆ ಕೇಳಿ ನಾದಿನಿ ಬಂದಳು. “ಏನಿದು? ಊಟ ಇನ್ನೂ ಇಲ್ಲೇ ಇದ್ಯಲ್ಲ?”

ಬೇರೆಯವರ ಎದುರು ನಾದಿನಿಯನ್ನು ಅವಳು ಮೇಡಂ ಎನ್ನುತ್ತಿದ್ದಳು. ಈಗ ಅದು ಬಾಯಿಗೆ ಬರಲಿಲ್ಲ. “ಬಟ್ಟಲೊಳಗೆ ಪ್ಲಾಸ್ಟಿಕ್ ಬಿದ್ದಿದೆ ಕಣೇ. ಯಾವುದ್ರಲ್ಲಿ ಅಂತ ಗೊತ್ತಿಲ್ಲ. ಹಲ್ಲಿಗೆ ಟೇಪು ಅಂಟಿಸಿದ್ದೆ. ನಾನೇ, ನಿನ್ನೆ. ಯಾರ ಕೈಯೂ ಕುಯ್ಯದೆ ಇರ್ಲಿ ಅಂತ. ಅದರಿಂದಾನೇ ಆಗಿದ್ದು.”

ನಾದಿನಿ ಪೆಟ್ಟಿಗೆಯನ್ನು ನೋಡಿದಳು, ಗಾಡಿಯನ್ನು ನೋಡಿದಳು, ಗಡಿಯಾರವನ್ನು ನೋಡಿದಳು. ಅವಳ ಮುಖವನ್ನು ಮಾತ್ರ ನೋಡಲಿಲ್ಲ.

“ಎಷ್ಟು ಚೂರು?”

“ಒಂದು.”

“ಖಂಡಿತಾನಾ?”

“ಹಾಳೆಗಳನ್ನ ಸಾಲಾಗಿ ಇಟ್ಟು ನೋಡಿದ್ರೆ ಗೊತ್ತಾಗುತ್ತೆ,” ಎಂದಳು. “ನಂಬರಿನ ಪ್ರಕಾರವೇ ಕತ್ತರಿಸಿದ್ದೀನಿ. ಒಂದರ ಅಂಚು ಮುಂದಿನದಕ್ಕೆ ಕೂಡಬೇಕು.”

ಕಪ್ಪು ತಟ್ಟೆಗಳನ್ನು ಮೇಜಿನುದ್ದಕ್ಕೂ ಬೋರಲು ಹಾಕಿದರು. ನಾದಿನಿ ಬಟ್ಟಲುಗಳ ಹಾಳೆ ಬಿಚ್ಚಿ ಕೊಟ್ಟಳು, ಅವಳು ಒಂದೊಂದನ್ನೇ ಒರೆಸಿ ಹಾಸಿದಳು. ಒಂದರ ಕೆಳಗಂಚಿಗೆ ಎರಡರ ಮೇಲಂಚು, ಎರಡಕ್ಕೆ ಮೂರು. ಕಪ್ಪಿನ ಮೇಲೆ ಗರಗಸದ ಗೆರೆಗಳು ಚೆನ್ನಾಗಿ ಕಂಡವು. ಕಾಣದ ವಸ್ತುವನ್ನು ಅದು ಬಿಟ್ಟುಹೋದ ಜಾಗದಿಂದ ಹುಡುಕುವ ಕೆಲಸ. ಪಾತ್ರೆಯಕ್ಕನೂ ನಲ್ಲಿ ನಿಲ್ಲಿಸಿ ಬಂದು ನಿಂತಳು.

ಹದಿನೆಂಟರವರೆಗೆ ಅಂಚುಗಳು ಕೂಡಿದವು. ಹತ್ತೊಂಬತ್ತರ ಬಲತುದಿಯಲ್ಲಿ ಒಂದು ಕಿಂಡಿ. ಮೂವತ್ತೊಂದರಲ್ಲಿ ಇನ್ನೊಂದು. ಮೂವತ್ತೆಂಟರಲ್ಲಿ ಅವಳು ಮೊದಲೇ ಕಂಡದ್ದು.

ಒಟ್ಟು ಮೂರು. ಜಗತ್ತಿನಲ್ಲಿ ಇರುವುದನ್ನೂ ಇಲ್ಲದ್ದನ್ನೂ ಅನುಮಾನಿಸುವ ಹೆಂಗಸು ಇಲ್ಲಿ ಬೇಕಾದುದಕ್ಕಿಂತ ಕಡಿಮೆ ಅನುಮಾನಪಟ್ಟಿದ್ದಳು.

ಆ ಬಟ್ಟಲುಗಳನ್ನೂ ಅವುಗಳ ಅಕ್ಕಪಕ್ಕದವನ್ನೂ ಜರಡಿಗೆ ಸುರಿದು ನೀರು ಬಿಟ್ಟರು. ಒಂದು ಚೂರು ಇಪ್ಪತ್ತನೆಯ ಬಟ್ಟಲಿನಲ್ಲಿ ಸಿಕ್ಕಿತು. ಇನ್ನೊಂದು ಮೂವತ್ತೊಂದನೆಯ ಬಟ್ಟಲಿನಲ್ಲಿ. ಮೂರನೆಯದು ಸಿಗಲಿಲ್ಲ.

“ಎಲ್ಲಾ ಚೆಲ್ಲಿ,” ಎಂದಳು ನಾದಿನಿ.

“ಮೂವತ್ತೆಂಟೂನಾ?” ಗಾಡಿಯಣ್ಣ ಬಾಯಿಬಿಟ್ಟ.

“ನಿನ್ನ ತಾಯಿ ಬಟ್ಟಲು ಯಾವುದು ಅಂತ ಹೇಳು, ಅದೊಂದನ್ನ ಬಿಟ್ಟು ಚೆಲ್ಲೋಣ.”

ಅವನ ತಾಯಿ ಊರಲ್ಲಿ ಗುಂಡುಕಲ್ಲಿನ ಹಾಗಿದ್ದಳು. ಆದರೂ ಅವನು ಮೊದಲ ಬಟ್ಟಲು ಕೈಗೆತ್ತಿಕೊಂಡ.

ನಾದಿನಿ ಮೇಲಕ್ಕೆ ಫೋನು ಮಾಡಿದಳು. ಆ ಕಡೆಯ ಮಾತು ಇಡೀ ಅಡುಗೆಮನೆಗೆ ಕೇಳಿಸುವಷ್ಟು ಜೋರಾಗಿತ್ತು. ನಾದಿನಿ “ಹೌದು, ನಮ್ಮದೇ ತಪ್ಪು” ಎಂದು ಮೂರು ಸಲ ಹೇಳಿ ಫೋನಿಟ್ಟಳು. ಆಮೇಲೆ ಚಾಕುವಿನ ತುದಿಯಿಂದ ಟೇಪನ್ನು ಎಬ್ಬಿಸಿ ತೆಗೆದು, ಪೆಟ್ಟಿಗೆಯನ್ನು ಅವಳ ಮುಂದಿಟ್ಟಳು. “ಎರಡನೇ ಸಲ ಮುಚ್ಚೋರು ಯಾರು? ನಾನಾ? ನನಗೆ ಬಂದ್ರೆ ತಾನೇ.”

ಒಂದು ಗಂಟೆ ತಡವಾಗಿ ಹೊಸ ಊಟ ಮೇಲೆ ಹೋಯಿತು. ಅದರ ಪ್ರತಿಯೊಂದು ಹಾಳೆಯನ್ನೂ ಅವಳು ರೋಲಿನ ತುದಿಗೆ ಹಿಡಿದು, ಅಂಚು ಕೂಡಿಸಿ ನೋಡಿಯೇ ಬಟ್ಟಲಿಗೆ ಹಾಕಿದ್ದಳು.

ಮೂರು ಗಂಟೆಗೆ ನಾದಿನಿ ಅವಳನ್ನು ಉಗ್ರಾಣದ ಪಕ್ಕದ ಪುಟ್ಟ ಕೋಣೆಗೆ ಕರೆದಳು. ಮೇಜಿನ ಮೇಲೆ ವರದಿಯ ಕಾಗದ.

“ಊಟ ಯಾಕೆ ತಡ ಆಯ್ತು ಅಂತ ಬರೀಬೇಕು. ರೋಲು ಕೆಟ್ಟದಾಗಿ ಬಂದಿತ್ತು ಅಂತ ಬರೀಲಾ? ಬರೆದ್ರೆ ಯಾರೂ ಕೇಳಲ್ಲ.”

“ರೋಲಿನದ್ದೇನೂ ತಪ್ಪಿಲ್ಲ.”

“ನನಗೂ ಗೊತ್ತು ಅತ್ತಿಗೆ. ಟೇಪಿನ ವಿಷಯ ಬರೆದ್ರೆ ನಿಮ್ಮ ಕೆಲಸ ಖಾಯಂ ಆಗಲ್ಲ.”

ಅವಳು ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಕೆಲಸ ಅವಳಿಗೆ ಬೇಕಿತ್ತು. ತನ್ನ ಕೈಯಿಂದ ಅಚ್ಚುಕಟ್ಟಾಗಿ ಆಗುತ್ತಿದ್ದ ಕೆಲಸ ಮನೆಯಿಂದ ಹೊರಗೆ ಇದೊಂದೇ ಆಗಿತ್ತು. ಆದರೆ ರೋಲು ಕೆಟ್ಟದ್ದು ಎಂದು ಬರೆದರೆ ಅವರು ಬೇರೆ ರೋಲು ತರಿಸುತ್ತಾರೆ, ಹಲ್ಲು ಹಾಗೆಯೇ ಇರುತ್ತದೆ, ಕೈ ಕುಯ್ದುಕೊಂಡ ಇನ್ನೊಬ್ಬಳು ಇನ್ನೊಂದು ಟೇಪು ಅಂಟಿಸುತ್ತಾಳೆ.

“ಇದ್ದದ್ದು ಇದ್ದ ಹಾಗೆ ಬರಿ,” ಎಂದಳು.

“ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ.” ನಾದಿನಿ ಪೆನ್ನಿನ ಮುಚ್ಚಳ ತೆಗೆದಳು. “ಟೇಪು ಅಂಟಿಸಿದವರು ಯಾರು ಅಂತ ಬರೀತೀನಿ. ಗಾಡಿ ನಿಲ್ಲಿಸಿದವರು ಯಾರು ಅಂತಾನೂ ಬರೀತೀನಿ. ಪಾತ್ರೆಯಕ್ಕನ ಕೈ ಕುಯ್ದಾಗ ನಾನು ಪೆಟ್ಟಿಗೆಗೆ ಒಂದು ಮುಚ್ಚಳ ತರಿಸ್ಬೇಕಿತ್ತು. ತರಿಸ್ಲಿಲ್ಲ. ಅದನ್ನೂ ಬರೀಬೇಕು. ಒದೆಯೋದಾದ್ರೆ ಇಬ್ಬರಿಗೂ ಸೇರಿಸಿ ಒದೀಲಿ.”

ಸೋಮವಾರ ಆಫೀಸಿನಿಂದ ಉತ್ತರ ಬಂತು. ಖಾಯಂ ಇಲ್ಲ, ಪರೀಕ್ಷಾ ಅವಧಿ ಇನ್ನೂ ಮೂರು ತಿಂಗಳು. ಮೇಲ್ವಿಚಾರಕಿಗೆ ಒಂದು ಎಚ್ಚರಿಕೆ. ಮೂರನೇ ಮಹಡಿಗೆ ಇನ್ನು ಮುಂದೆ ನೀಲಿ ಬಣ್ಣದ ಹಾಳೆಯನ್ನೇ ಬಳಸತಕ್ಕದ್ದು, ಬಿದ್ದರೆ ಕಾಣಬೇಕು.

ಅವಳು ಪತ್ರವನ್ನು ಎರಡು ಸಲ ಓದಿದಳು.

“ಮೂರು ತಿಂಗಳು ಅಂದ್ರೆ ತೊಂಬತ್ತು ದಿನಾನೋ, ತೊಂಬತ್ತೆರಡೋ?” ಎಂದು ಕೇಳಿದಳು.

“ಅಯ್ಯೋ ಅತ್ತಿಗೆ,” ಎಂದು ನಾದಿನಿ ಹಣೆ ಹಿಡಿದುಕೊಂಡು, ನೀಲಿ ರೋಲಿನ ಮೊದಲ ಪೆಟ್ಟಿಗೆಯನ್ನು ಅವಳ ಕಡೆ ತಳ್ಳಿದಳು.