ಮನುಷ್ಯರ ಗುರುತು

ಕಲ್ಲು ಕಿತ್ತರೆ ಅವ್ವ ಎಲ್ಲಿಗೆ ಹೋದಾಳು? ಕಲ್ಲು ಬರೀ ಗುರುತಿಗೆ, ಅವಳಿರುವುದು ಮಣ್ಣಿನಲ್ಲಿ. ಹಾಗೆಂದುಕೊಂಡರೂ ಚೆಲುವರಾಜುವಿನ ಕೈಯಲ್ಲಿದ್ದ ಹಾರೆ ಮೇಲೇಳಲಿಲ್ಲ. ಇವತ್ತು ಅವ್ವನಿಗೆ ಎಡೆ ಇಡುವ ಪಕ್ಷದ ದಿನ ಬೇರೆ. ಗುಡಿಸಲಲ್ಲಿ ಹೆಂಡತಿ ಮಂಗಳಮ್ಮ ಬಾಡು ಬೇಯಿಸುತ್ತಿದ್ದಳು.

"ನಿಂತ್ಕೊಂಡೇ ನಿದ್ದೆ ಮಾಡ್ತಿದೀಯೇನೋ ಬೋಳಿಮಗನೆ?" ಬಿಂದುಮಾಧವ ಕಾರಿನಿಂದಿಳಿಯುತ್ತಲೇ ಕೂಗಿದ.

ಮಂಡಕಳ್ಳಿಯ ಈ ಜಮೀನು ಅವನದು, ಮನೆ ರಾಮಕೃಷ್ಣನಗರದಲ್ಲಿ. ಚೆಲುವರಾಜುವಿನ ಅಪ್ಪ ಇಲ್ಲಿ ಬೆಳೆಯಲ್ಲಿ ಪಾಲು ಕೊಟ್ಟು ವಾರಕ್ಕೆ ಉತ್ತವನು; ಮಗ ಈಗ ಕಾವಲುಗಾರ. ಬಿಂದುಮಾಧವ ಉಳುಮೆ ನಿಲ್ಲಿಸಿ, ಗಿಡ ಬೆಳೆಯಲು ಬಿಟ್ಟು, ಬೇಲಿಗೆ ನವಿಲಿನ ಬೋರ್ಡು ಹಾಕಿಸಿದ್ದ. ಪ್ರಕೃತಿಗೆ ಬಿಟ್ಟ ಜಾಗವೆಂದು ಒಪ್ಪಿದರೆ ಕಂದಾಯ ಮನ್ನಾ. ಅದನ್ನು ನೋಡಲು ಇವತ್ತು ಅಧಿಕಾರಿ ಬರುವವನಿದ್ದ.

"ಮನುಷ್ಯರ ಗುರುತೇ ಇರಬಾರ್ದು ಅಂತ ಎಷ್ಟು ಸಲ ಬಡ್ಕೊಳ್ಳಲಿ? ಕಲ್ಲು, ಗುಡಿಸಲು, ಎರಡೂ ಏಳ್ಬೇಕು."

"ನಮ್ಮವ್ವುನ್ನ ಮಣ್ಣು ಮಾಡಿರೋ ಜಾಗ ಬುದ್ಧಿ. ನೀವೂ ಬಂದಿದ್ರಿ."

"ನಮ್ಮಪ್ಪನ ಅಸ್ಥೀನ ಪಶ್ಚಿಮವಾಹಿನೀಲಿ ಬಿಟ್ಟು ಬಂದೆ ಕಣೋ. ಎಲ್ಲಾದ್ರೂ ಕಲ್ಲು ನೆಟ್ಟಿದೀನಾ? ನಿಮ್ಮೋರಿಗೆ ಸತ್ತ ಮೇಲೂ ಜಾಗ ಬೇಕು!"

ಮಂಗಳಮ್ಮ ಸೌಟು ಹಿಡಿದೇ ಹೊರಬಂದಳು. "ನವುಲ್ ಇರ್ಬೋದಂತೆ, ಆವ್ ಇರ್ಬೋದಂತೆ, ನಾವ್ ಮಾತ್ರ ಇರ್ಬಾರ್ದಂತೆ. ಥೂ!"

"ನಿನ್ನ ಹೆಂಡ್ತಿ ಬಾಯಿ ಮುಚ್ಸು. ಅಧಿಕಾರಿ ಕೇಳಿದ್ರೆ ಇಲ್ಲಿ ಯಾರೂ ಇಲ್ಲ ಅನ್ನು. ಇಲ್ದಿದ್ರೆ ನಾಳೆಯಿಂದ ಬೇರೆ ಕಾವಲುಗಾರ."

ಬೇಲಿಯ ಬಳಿ ಜೀಪು ನಿಂತಿತು. ಇಳಿದು ಬಂದ ಅಧಿಕಾರಿ ವಸಂತ್ ಸುತ್ತ ನೋಡಿ, "ಚೆನ್ನಾಗಿ ಬೆಳ್ಸಿದೀರಾ ಸಾರ್," ಎಂದ. ಬಿಂದುಮಾಧವ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಕ್ಕ. ಬಾಡಿನ ವಾಸನೆ ಗಿಡಗಳ ನಡುವೆ ನಿಂತಿತ್ತು.

ಚೆಲುವರಾಜು ಹಾರೆ ಬಿಸುಟ. ಗುಡಿಸಲಿನಿಂದ ಬಾಳೆಲೆ ತಂದು ಕಲ್ಲಿನ ಮುಂದೆ ಹಾಸಿದ. ಮುದ್ದೆ, ಬಾಡಿನ ಸಾರು, ಎಲೆಅಡಿಕೆ, ಅವ್ವ ಸಾಯೋವರೆಗೂ ಬಿಡದ ಹೊಗೆಸೊಪ್ಪು. ಕಲ್ಲಿಗೆ ಹೊಸ ಸೀರೆ ಸುತ್ತಿದ. ಕೆಂಡಕ್ಕೆ ಸಾಂಬ್ರಾಣಿ ಹಾಕಿದ.

"ಯಾರಯ್ಯಾ ನೀನು? ಇಲ್ಲಿ ಯಾರಾದ್ರೂ ವಾಸ ಇದಾರಾ?" ವಸಂತ್ ಕೇಳಿದ.

"ಅವ್ವಾ," ಚೆಲುವರಾಜು ಗಟ್ಟಿಯಾಗಿ ಕರೆದ. "ಬಾರವ್ವ, ಉಣ್ಣು."

ವಸಂತ್ ಸೀರೆ ಸುತ್ತಿದ ಕಲ್ಲನ್ನು ನೋಡಿದ, ಆಮೇಲೆ ಬಿಂದುಮಾಧವನನ್ನು. "ಏನ್ಸಾರ್ ಇದು?"

ಬಿಂದುಮಾಧವ ಓಡಿ ಬಂದು ಎಲೆಗೆ ಒದ್ದ. ಮುದ್ದೆ ಉರುಳಿ ಮಣ್ಣಾಯಿತು. ಚೆಲುವರಾಜು ಅದನ್ನೆತ್ತಿ, ಮಣ್ಣು ಕೊಡವದೆಯೇ ಮತ್ತೆ ಎಲೆಗಿಟ್ಟ. ಮಂಗಳಮ್ಮ ಬಂದು ಪಕ್ಕದಲ್ಲಿ ಕೂತಳು. ಇಬ್ಬರೂ ಏಳಲಿಲ್ಲ.

ಈ ನೆಲ ತನ್ನದೆಂದು ಚೆಲುವರಾಜು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.