ಮಾಡು ಹತ್ತಿದ ಆಡು

ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ಗುರುವಾರ ಸಂಜೆ ನಮ್ಮ ಹಾಡಿನ ಕೂಟ ಸೇರುತ್ತದೆ. ವಾದ್ಯವಿಲ್ಲ, ಪುಸ್ತಕವಿಲ್ಲ. ಒಬ್ಬರು ಹಾಡು ಎತ್ತಿದರೆ ಉಳಿದವರು ದನಿಗೂಡಿಸಬೇಕು. ಎತ್ತಿದವರು ಎಷ್ಟೇ ಮೇಲಿನ ಶ್ರುತಿ ಹಿಡಿದರೂ ತಡೆಯುವಂತಿಲ್ಲ, ಎಲ್ಲರೂ ಅಲ್ಲಿಗೇ ಹೋಗಬೇಕು. ಮೂರು ವರ್ಷ ನಾನು ಹತ್ತರ ಜೊತೆ ಹನ್ನೊಂದಾಗಿ ದನಿಗೂಡಿಸಿಯೇ ಕಾಲ ತಳ್ಳಿದ್ದೆ. ಕತ್ತರಿ ಹಿಡಿದು ಎಂಥೆಂಥವರ ತಲೆಯನ್ನೋ ಬಗ್ಗಿಸುವ ಕ್ಷೌರಿಕ ನಾನು, ಒಬ್ಬನೇ ಬಾಯಿ ಬಿಡಲು ನಡುಗುತ್ತಿದ್ದೆ. ಕೂಟ ನಡೆಸುವ ನಿವೃತ್ತ ನರ್ಸಮ್ಮ ಕಳೆದ ವಾರ ಖಡಾಖಂಡಿತವಾಗಿ ಹೇಳಿಬಿಟ್ಟರು: "ಮುಂದಿನ ವಾರ ನೀನೇ ಹಾಡೆತ್ತಿಲ್ಲಾಂದ್ರೆ ನಿನ್ನ ಕುರ್ಚಿ ಬೇರೆಯವ್ರಿಗೆ ಕಣಪ್ಪ. ಕಾಯ್ತಿರೋರು ಆರು ಜನ ಇದ್ದಾರೆ." ಆ ಕುರ್ಚಿ ಹೋದರೆ ನನ್ನ ವಾರಕ್ಕೆ ಇನ್ನೇನಿದೆ?

ಕೂಟದವಳೇ ಆದ ನಮ್ಮಕ್ಕ ಆಡಿನ ಹಾಡು ಕಲಿಸಿದಳು. ಆಡು ಬೆಂಚು ಹತ್ತುತ್ತದೆ, ಬೇಲಿ ಹತ್ತುತ್ತದೆ, ಗೋಡೆ ಹತ್ತುತ್ತದೆ, ಕೊನೆಗೆ ಮನೆಯ ಮಾಡನ್ನೇ ಹತ್ತುತ್ತದೆ. ಪ್ರತಿ ನುಡಿಗೂ ಸ್ವರ ಒಂದು ಮೆಟ್ಟಿಲು ಮೇಲೇರಬೇಕು.

"ಕೆಳಗಿಂದ ಶುರು ಮಾಡೋ, ಮರೀಬೇಡ," ಎಂದು ಗುರುವಾರ ಕೋಣೆಯ ಬಾಗಿಲಲ್ಲೂ ಹೇಳಿದಳು.

ಮರೆತೆ. ಸರದಿ ಬಂದಾಗ ಹೊರಟದ್ದು ಕೀರಲು ದನಿ. ಆಡು ಇನ್ನೂ ಬೆಂಚಿನ ಮೇಲಿತ್ತು, ನಾನಾಗಲೇ ಮಾಡಿನ ಮೇಲಿದ್ದೆ. ಅಕ್ಕ ಹಣೆ ಚಚ್ಚಿಕೊಂಡಳು.

ಏನು ಮಾಡುವುದು, ನಿಯಮ ನಿಯಮವೇ. ಎಲ್ಲರೂ ನನ್ನ ಹಿಂದೆ ಹತ್ತಿದರು. ಬೇಲಿಯ ಹೊತ್ತಿಗೆ, ಗುಡುಗಿನ ಕಂಠದ ಬಡಗಿಯಣ್ಣ ಮೊಟ್ಟೆಯಿಡುವ ಕೋಳಿಯಂತೆ ಕೂಗುತ್ತಿದ್ದ. ಗೋಡೆಯ ಹೊತ್ತಿಗೆ ಅವನ ದನಿ ಮಾಯವಾಗಿ ಬರೀ ಹುಬ್ಬು ಮೇಲೇರಿತು. ಅದನ್ನು ನೋಡಿ ನರ್ಸಮ್ಮ ಕಿಸಕ್ಕೆಂದರು. ಅಷ್ಟೇ, ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಕ್ಕನಂತೂ ನೆಲಕ್ಕೇ ಕೂತುಬಿಟ್ಟಳು.

ದನಿಗೂಡಿಸುವವರೇ ಇಲ್ಲ. ಆದರೆ ಪಾಪದ ಆಡನ್ನು ಗೋಡೆಯ ಮೇಲೆ ಬಿಟ್ಟು ಕೂರಲು ಮನಸ್ಸಾಗಲಿಲ್ಲ. ಕಣ್ಣು ಮುಚ್ಚಿ ಕೊನೆಯ ನುಡಿ ಎತ್ತಿದೆ. ಮೂರು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ನನ್ನ ದನಿ ನನಗೇ ಕೇಳಿಸಿತು. ಒಡಕು ದನಿ, ಆದರೂ ನನ್ನದೇ. ಹೇಳಲಾರದಷ್ಟು ಖುಷಿಯಾಯಿತು.

ಯಾವಾಗ ನಗು ನಿಂತಿತೋ ತಿಳಿಯಲಿಲ್ಲ. ಕಣ್ಣು ತೆರೆದಾಗ ನರ್ಸಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು.

"ಕುರ್ಚಿ ನಿಂದೇ ಕಣಪ್ಪ. ಈಗ ಆ ಆಡನ್ನ ಕೆಳಗಿಳ್ಸಿ ಇನ್ನೊಂದ್ಸಲ ಹತ್ಸು ನೋಡೋಣ."

ಬಡಗಿಯಣ್ಣನಿಗೆ ಮತ್ತೆ ನಗು ಉಕ್ಕಿತು.

"ನೀವು ನಕ್ಕು ಮುಗಿಸ್ಕೊಂಡು ಬನ್ನಿ, ನಾನು ಮುಂದೆ ಹೋಗಿರ್ತೀನಿ," ಎಂದು ಒಬ್ಬನೇ ಶುರು ಮಾಡಿದೆ.